ವೇಬಿಲ್ಲಿನ ಬೆನ್ನಿಗೆ ಬರೆದದ್ದು

ಟೌನ್‌ಹಾಲಿನ ಎದುರು ಬಸ್ಸು ನಿಂತು ನಲವತ್ತು ನಿಮಿಷ.
ಮುಂದೆ ಗೆದ್ದವರ ಮೆರವಣಿಗೆ, ಹಿಂದೆ ಸೋತವರ ಹಾರನ್ನು.
ಪಟಾಕಿಯ ಹೊಗೆಯಲ್ಲಿ ಸಿಗ್ನಲ್ಲು
ಕೆಂಪೋ ಹಸಿರೋ, ಕೇಳುವವರಿಲ್ಲ.
ಡ್ರೈವರ್ ಚಿಕ್ಕಹೊನ್ನಯ್ಯ ಎಂಜಿನ್ ಆರಿಸಿ
ಎಲೆಗೆ ಸುಣ್ಣ ಸವರುತ್ತ ಅಂದ:
"ಗುಲಾಬಿ ಮೇಡಂ, ನಿಮ್ಮೂರು ನೆನಪಾಗಬೇಕಲ್ಲ,
ಸುತ್ತ ನೀರು, ನಡುವೆ ನಾವು."

ಇವನಿಗೇನು ಗೊತ್ತು ಕುದ್ರು.
ಸುತ್ತ ನೀರಿದ್ದೂ ಕುಡಿಯಲು ಇಲ್ಲದ ನೆಲ ಅದು.
ಬಾವಿಗೆ ಉಪ್ಪು, ಗೋಡೆಗೆ ಉಪ್ಪು,
ಹೊಸ ಸೈಕಲ್ಲಿನ ರಿಮ್ಮನ್ನೂ ಆರು ತಿಂಗಳಲ್ಲಿ ತಿನ್ನುವ ಉಪ್ಪು.
ಸಿಹಿನೀರು ಬರುತ್ತಿದ್ದದ್ದು ಅಪ್ಪಯ್ಯನ ದೋಣಿಯಲ್ಲಿ,
ಕೊಡಗಳ ನಡುವೆ ಮಾಸ್ತರು, ಹೋತ, ತುಂಬು ಬಸುರಿ,
ಒಮ್ಮೆ ಒಂದು ಹೆಣವೂ.
ಅವ ಕೂಗುತ್ತಿದ್ದದ್ದು ಎರಡೇ ಮಾತು:
"ಹ್ವಾಯ್, ಎಡ್ಬದಿಗ್ ಒಬ್ರ್ ಸರಿನಿ! ಬಲ್ಬದಿ ಭಾರ ಆಯ್ತ್!"
ಆಗ ಎಡ ಬಲ ಅಂದರೆ ಅಷ್ಟೇ,
ಮೈಯ ತೂಕ.
ಬಾಯಿಯ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೀಗೆ ಹೇಳಿದರೆ ಚಂದ ಕೇಳುತ್ತದೆ.
ಊರು ಬಿಟ್ಟವರ ಬಾಯಲ್ಲಿ ಊರು ಯಾವಾಗಲೂ ಚಂದವೇ.

ಒಂದು ಡಿಸೆಂಬರ್. ರೇಡಿಯೋ ಏನೋ ಹೇಳಿತು.
ಸಂಜೆಯೊಳಗೆ ನಾಲ್ಕು ಜನ ದಡದಲ್ಲಿ ನಿಂತು
ಅಪ್ಪಯ್ಯನ ಹತ್ತಿರ ಮೆಲ್ಲಗೆ ಮಾತಾಡಿದರು.
ಬೈಯಲಿಲ್ಲ. ಬೀಡಿ ಕೊಟ್ಟರು.
ಮರುದಿನ ಅಪ್ಪಯ್ಯನಿಗೆ ಜ್ವರ.
ಹಗ್ಗ ನನ್ನ ಕೈಯಲ್ಲಿತ್ತು, ನನಗೆ ಒಂಬತ್ತು ವರ್ಷ.
ಬೀಪಾತು ಬಂದಳು, ತಲೆಯ ಮೇಲೆ ಮಳಿ ಚಿಪ್ಪಿನ ಬುಟ್ಟಿ.
ಕಟ್ಟಿದ ದೋಣಿ ನೋಡಿದಳು, ನನ್ನನ್ನು ನೋಡಿದಳು,
ಇಳಿತದ ಹೊತ್ತು ಕಾದು
ಎದೆಮಟ್ಟ ನೀರಿನಲ್ಲಿ ನಡೆದೇ ದಾಟಿದಳು.
ಬುಟ್ಟಿಯೊಂದೇ ತೇಲಿದ ಹಾಗೆ ಕಾಣುತ್ತಿತ್ತು, ಆಚೆ ದಡದವರೆಗೆ.

ವಾರ ಕಳೆದು ಜ್ವರ ಬಿಟ್ಟಿತು, ದೋಣಿ ನೀರಿಗಿಳಿಯಿತು.
ಅದುವರೆಗೆ ವರ್ಷಕ್ಕೊಮ್ಮೆ ಸೇರಿನಲ್ಲಿ ಅಕ್ಕಿ ಅಳೆದು
ಕಡವಿನ ಲೆಕ್ಕ ಮುಗಿಸುತ್ತಿದ್ದವಳು
ಅಂದಿನಿಂದ ಕಾಲಿಡುವ ಮೊದಲೇ
ನಾಲ್ಕಾಣೆ ಹಲಗೆಯ ಮೇಲೆ ಇಡುತ್ತಿದ್ದಳು.
ದಿನಾ. ಮಾತಿಲ್ಲದೆ.
ಅಪ್ಪಯ್ಯ ಆ ನಾಣ್ಯ ಖರ್ಚು ಮಾಡಲಿಲ್ಲ,
ಹಿಂದೆ ಕೊಡಲೂ ಇಲ್ಲ.
ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟ.

"ವಿಷಲ್ ಹೊಡೀರಿ ಮೇಡಂ, ಇಳಿಸ್ರಿ ಇವನ್ನ!"
ಬಸ್ಸು ಈಗ ಮಾರ್ಕೆಟ್ ಫ್ಲೈಓವರಿನ ಮೇಲೆ, ಮಳೆ ಹಿಡಿದಿದೆ.
ಇಪ್ಪತ್ತರ ಹುಡುಗ, ಏನೋ ಅಂದ.
ಯಾರ ಪರ ಅಂದ ಎಂದು ನಾನು ಬರೆಯುವುದಿಲ್ಲ,
ಬರೆದರೆ ನೀವೂ ಒಂದು ಬದಿಗೆ ಸರಿಯುತ್ತೀರಿ.
ಅರ್ಧ ಬಸ್ಸು ಎದ್ದು ಅವನ ಮೇಲೆ ಬಾಗಿತ್ತು.
ವಿಷಲ್ ನನ್ನ ಹಲ್ಲಿನ ನಡುವೆ,
ಅದರ ದಾರ ಕುತ್ತಿಗೆಗೆ ಹಸಿ ಹಗ್ಗದಂತೆ ಒತ್ತುತ್ತಿತ್ತು.
ಊದಲಿಲ್ಲ.
ಧೈರ್ಯ ಅನ್ನಬೇಡಿ.
ಫ್ಲೈಓವರಿನ ಮೇಲೆ ಇಳಿಸಿದರೆ ಮೆಮೊ ಬರುತ್ತದೆ.
ಬಾಯಿಗೆ ಬಂದದ್ದು ಮಾತ್ರ ಹಳೆಯದು:
"ಹ್ವಾಯ್, ಎಲ್ಲ ಒಂದೇ ಬದಿಗ್ ನಿಂತ್ರೆ ಹ್ಯಾಂಗೆ!"
ಯಾರಿಗೂ ಅರ್ಥವಾಗಲಿಲ್ಲ. ಒಬ್ಬಳು ನಕ್ಕಳು.
ನಗು ಹರಡಲಿಲ್ಲ, ಆದರೆ ಕೆಲವರು ಕೂತರು.

ಹತ್ತೂವರೆಗೆ ಡಿಪೋ. ಅಪ್ಪಯ್ಯನ ಫೋನು.
ಕುದ್ರುವಿಗೆ ಈಗ ಸೇತುವೆ. ದೋಣಿ ತೆಂಗಿನ ಬುಡದಲ್ಲಿ ಮಗುಚಿ ಬಿದ್ದು
ಅದರಡಿ ಕೋಳಿ ಕಾವು ಕೂತಿದೆಯಂತೆ.
"ಯಾರ್ ಗೆದ್ರ್?" ಅಂದ.
"ಟೀವಿಯಲ್ಲಿ ಕಾಣ್ಲಿಲ್ಯಾ?"
"ಕಂಡೆ. ಆದ್ರೂ ಕೇಂಡೆ."
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಬಾಟಲಿ ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಆಮೇಲೆ ಚೀಲ ಸುರಿದು ಎಣಿಸಿದರೆ
ಇಪ್ಪತ್ತು ರೂಪಾಯಿ ಕಡಿಮೆ.
ಆ ಹುಡುಗನದೇ. ಟಿಕೆಟ್ ಕೊಟ್ಟಿದ್ದೆ,
ಗಲಾಟೆಯಲ್ಲಿ ದುಡ್ಡು ಇಸಿದುಕೊಂಡಿರಲಿಲ್ಲ.
ನನ್ನ ಪರ್ಸಿನಿಂದ ಹಾಕಿ ಸಹಿ ಮಾಡಿದೆ.
ನಾಳೆಯೂ ಇದೇ ರೂಟು.
ಹತ್ತಿದರೆ ಕೇಳುತ್ತೇನೆ.