ಮರಳು ಬಣ್ಣ

ಯುದ್ಧದ ಸುದ್ದಿ ನನಗೆ ಮೊದಲು ಹೇಳಿದ್ದು ಬಟ್ಟೆ.
ರೇಡಿಯೊ ಇನ್ನೂ ಮಾತುಕತೆ, ಗಡುವು ಎನ್ನುತ್ತಿತ್ತು.
ಟೌನ್ಸ್‌ವಿಲ್ ಬ್ಯಾರಕ್ಸಿನಿಂದ ಬಂದ ಗಂಟು ಬಿಚ್ಚಿದರೆ
ಈ ಸಲ ಹಸಿರಿಲ್ಲ.
ಮರಳು ಬಣ್ಣದ ಪ್ಯಾಂಟು, ನಲವತ್ತು,
ಗುರುವಾರದೊಳಗೆ, ಹೆಸರಿನ ಪಟ್ಟಿ ಸಮೇತ.

ಹನ್ನೊಂದು ವರ್ಷವಾಯಿತು ಈ ಅಂಗಡಿಗೆ.
ಕತ್ತರಿ ರಬಕವಿಯದು, ಅಪ್ಪನದು. ಮಷೀನು ಇಲ್ಲಿಯದು.
ಹಿಂದೆ ಮಾವಿನ ಮರ, ತಲೆಕೆಳಗಾಗಿ ಜಗಳಾಡುವ ಬಾವಲಿಗಳು,
ಎದುರಿಗೆ ಕೆಂಪು ಗುಡ್ಡ,
ಬಾದಾಮಿಯ ಬಂಡೆಯೊಂದನ್ನು ಯಾರೋ ಹೊತ್ತು ತಂದು
ಇಟ್ಟು ಮರೆತ ಹಾಗೆ.
ಪ್ರಮಾಣ ಮಾಡಿ ಈ ದೇಶದವಳಾದ ದಿನ
ಕುಂಡದಲ್ಲಿ ಒಂದು ಸಸಿ ಕೊಟ್ಟರು.
ಈಗ ಅದು ನನಗಿಂತ ಎತ್ತರ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ?
ಬಂದೆ. ಮಾಂಸದಂಗಡಿಯಲ್ಲಿ ಮೊನ್ನೆ ನಾನೇ ಅಂದೆ,
"ನಮ್ಮ ಹುಡುಗರು" ಎಂದು.
ಯಾರೂ ಹೇಳಿಕೊಟ್ಟಿರಲಿಲ್ಲ.

ಈ ವಾರದ ಕೂಲಿ ಮೂರು ತಿಂಗಳ ಬಾಡಿಗೆ.
ಡಬ್ಬಿಗೆ ಹಾಕುವಾಗ ಖುಷಿಯಾಯಿತು.
ಆಯಿತು, ಸುಳ್ಳು ಯಾಕೆ.
ಆಮೇಲೆ ಕೈ ತೊಳೆದುಕೊಂಡೆ,
ಮಷೀನಿನ ಎಣ್ಣೆಗೆ ಅಂದುಕೊಳ್ಳುತ್ತ.

ಬುಧವಾರ ಸಿಹಾಮ್ ಬಂದಳು, ಬಸ್ರಾದವಳು,
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ,
ಮಗಳ ಶಾಲೆಯ ಲಂಗ ಹಿಡಿದುಕೊಂಡು.
ರಾಶಿಯ ಮೇಲೆ ದುಪ್ಪಟಿ ಎಳೆದೆ, ತಡವಾಗಿತ್ತು.
"ಹೋಗಲಿ ಆ ಪಾಪಿ, ಹಾಳಾಗಿ ಹೋಗಲಿ" ಅಂದಳು.
ಅದೇ ಉಸಿರಿನಲ್ಲಿ,
"ಸೇತುವೆಯ ಪಕ್ಕದಲ್ಲೇ ನನ್ನ ತಂಗಿಯ ಮನೆ."
ಪ್ಯಾಂಟಿನ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ
ಉಜ್ಜಿ ನೋಡಿದಳು.
ಒಳ್ಳೆಯ ಹತ್ತಿ, ಅಂದಳು.

ಚರ್ಚಿನ ಮುದುಕಿ ಒಂದು ಬಿಳಿ ಬಟ್ಟೆ ತಂದಳು,
ಯುದ್ಧ ಬೇಡ ಎಂದು ಬರೆದದ್ದು,
ಕೋಲು ತೂರಿಸಲು ಎರಡು ಕಡೆ ಮಡಿಕೆ ಬೇಕಂತೆ.
ಹೊಲಿದುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.
ಬಾಬಿನ್ ಬದಲಿಸಲು ಬೇಜಾರಾಗಿ
ಅದಕ್ಕೂ ಅದೇ ಕಂದು ದಾರ.
ಭಾನುವಾರ ಕಡಲ ದಂಡೆಯಲ್ಲಿ ಮೆರವಣಿಗೆ.
ನಾನು ಹೋಗಲಿಲ್ಲ.

ಉಂಡ ಮನೆಯ ಜಂತೆ ಎಣಿಸಬಾರದು ಎಂದು
ಅವ್ವ ಅನ್ನುತ್ತಿದ್ದಳು.
ರಾತ್ರಿ ನಮ್ಮವರು ನಿಕ್ಕಲ್ ಕಾರ್ಖಾನೆಗೆ ಹೋದ ಮೇಲೆ
ಅಂಗಾತ ಮಲಗಿ ಮೇಲೆ ನೋಡುತ್ತೇನೆ.
ಈ ಮನೆಗೆ ಜಂತೆಗಳೇ ಇಲ್ಲ, ಅವ್ವ.
ಬಿಳಿ ಹಲಗೆ, ಒಂದು ಫ್ಯಾನು,
ಎಣಿಸಲು ಹೊರಟರೆ ಅದರ ರೆಕ್ಕೆ ಮೂರು,
ಅವೂ ನಿಲ್ಲುವುದಿಲ್ಲ.

ಕೊನೆಯವನು ತಾನೇ ಬಂದಿದ್ದ, ಅಳತೆ ತಪ್ಪಿದೆಯೆಂದು.
ಇಂಗಮ್ಮಿನ ಕಬ್ಬಿನ ಹೊಲದ ಹುಡುಗ, ಬೊರ್ತೊಲಿ,
ಪಟ್ಟಿಯಲ್ಲಿ ಏಳು ಅಕ್ಷರ.
ಹತ್ತೊಂಬತ್ತು ಇರಬೇಕು. ಮೊಡವೆ.
"ಎಲ್ಲಿಗೆ ಕಳಿಸುತ್ತಾರಪ್ಪ?"
"ಹೇಳುವ ಹಾಗಿಲ್ಲ ಮೇಡಂ,"
ಮೈತುಂಬ ಮರುಭೂಮಿ ಉಟ್ಟು ನಿಂತು ಹೇಳಿದ.
ನಕ್ಕೆ. ಅವನೂ ನಕ್ಕ.
ಬಾಯಲ್ಲಿ ಗುಂಡುಸೂಜಿಗಳಿದ್ದವು,
ಇಲ್ಲದಿದ್ದರೆ ಹೇಳುತ್ತಿದ್ದೆನೇನೋ:
ಮರಳು ಅಂದರೆ ನಮ್ಮ ಮಾತಿನಲ್ಲಿ
ತಿರುಗಿ ಬಾ ಅಂತಲೂ ಆಗುತ್ತದೆ, ಮಗನೆ.
ಅಲ್ಲಿ ಹೋಗಿ ಏನು ಮಾಡುತ್ತೀ ಎಂದು
ಕೇಳುತ್ತಿದ್ದೆನೇನೋ. ಅದೂ ಬಾಯಲ್ಲೇ ಇತ್ತು,
ಸೂಜಿಗಳ ಜೊತೆ.

ಹೆಚ್ಚುವರಿ ಬಟ್ಟೆ ಕತ್ತರಿಸಿ ಎಂದಿದೆ ಕಾಗದದಲ್ಲಿ.
ಕತ್ತರಿಸಲಿಲ್ಲ.
ಕಾಲಿನ ಅಂಚಿನೊಳಗೆ ಎರಡು ಇಂಚು ಮಡಿಚಿ ಹೊಲಿದೆ,
ಬೆಳೆಯುವ ಮಕ್ಕಳ ಯೂನಿಫಾರ್ಮಿಗೆ
ಬಿಡುವ ಹಾಗೆ.

ಗುರುವಾರ ಟ್ರಕ್ಕು ಬಂತು. ನಲವತ್ತು ಎಣಿಸಿದರು,
ಸಹಿ ಹಾಕಿದರು.
ಸಿಹಾಮಳ ಮಗಳ ಲಂಗ ಕೊಕ್ಕೆಯಲ್ಲಿದೆ.
ಕಂದು ದಾರ ಬಿಚ್ಚಿ ನೀಲಿ ಏರಿಸಬೇಕು.
ಸೂಜಿಯ ಕಣ್ಣು ಇವತ್ತು ಕಾಣುತ್ತಿಲ್ಲ,
ದಾರದ ತುದಿಯನ್ನು ನಾಲಗೆಗೆ ತಾಗಿಸಿ
ಮತ್ತೆ ಮತ್ತೆ ಚೂಪು ಮಾಡುತ್ತ ಕೂತಿದ್ದೇನೆ.