ಏಳೆಂಟ್ಲೆ ಐವತ್ತಾರು

ಮುಚ್ಚಳದ ಸ್ಕ್ರೂ ಬಿಚ್ಚಿ ಎತ್ತಿದ್ದಷ್ಟ,
ಮೊದಲು ಬಂದದ್ದು ಸೀನು.
ಡಿವಿಆರ್ ಒಳಗ ಕೆಂಪು ಧೂಳು.
ಫ್ಯಾನಿನ ರೆಕ್ಕಿಗೆ, ಕೇಬಲ್ಲಿನ ಸಂದಿಗೆ,
ಹಾರ್ಡ್ ಡಿಸ್ಕಿನ ಬೆನ್ನ ಮ್ಯಾಲೆ
ಐದು ವರ್ಷದ ಬ್ಯಾಡಗಿ ಕುಂತಿತ್ತು.
ಬ್ರಷ್ ಆಡಿಸಿದೆ. ಇನ್ನೊಂದು ಸೀನು, ಮತ್ತೊಂದು.
ಗಾದಿ ಮ್ಯಾಲಿಂದ ಕಡ್ಲಿಯವರು ನಕ್ಕರು:
"ಇದು ಡಬ್ಬಿ ಕಾಯಿ, ಮಕ್ತುಮ.
ಬಣ್ಣ ಜಾಸ್ತಿ, ಖಾರ ಕಡಿಮಿ."

ಐನೂರು ಜಿಬಿ, ಎಂಟು ಕ್ಯಾಮೆರಾ.
ಏಳು ದಿನ ತುಂಬಿದ ಮ್ಯಾಲೆ
ಎಂಟನೇ ದಿನ ಬಂದು
ಒಂದನೇ ದಿನದ ತೊಡಿ ಮ್ಯಾಲೆ ಕೂಡತೈತಿ.
ಈ ಸೋಮವಾರದ ಟೆಂಡರು
ಹ್ವಾದ ಸೋಮವಾರದ ಟೆಂಡರನ್ನ ನುಂಗತೈತಿ.
ಅದಕ್ಕ ನಾಲ್ಕು ಟಿಬಿಯದು ಹಾಕಾಕ ಬಂದೀನಿ.
"ಎಷ್ಟು ದಿನ ನೆನಪಿಡ್ತೈತಿ?" ಅಂದ್ರು.
"ಏಳೆಂಟ್ಲೆ ಐವತ್ತಾರು."
ಸಾಲ್ಯಾಗ ಬಡಿಸ್ಕೊಂಡು ಕಲ್ತ ಮಗ್ಗಿ
ಎಲ್ಲಿ ಬೇಕಾದಲ್ಲಿ ನಡೀತೈತಿ.

ಹಳೇದು ಪೂರಾ ಸತ್ತಿರಲಿಲ್ಲ.
ಗ್ವಾಡಿ ಮ್ಯಾಲಿನ ಹಲ್ಲಿ ಲೊಚಗುಟ್ಟಿದಂಗ
ನಡುನಡುವ ಏನೋ ಅಂತಿತ್ತು.
ಮುಚ್ಚಳ ತೆರದಿಟ್ಟು ಕಡೀ ಸಲ ಚಾಲೂ ಮಾಡಿದೆ.
ನಾಲ್ಕನೇ ಕ್ಯಾಮೆರಾ: ತೊಟ್ಟು ಮುರಿಯೋ ಹೆಣ್ಮಕ್ಕಳ ಕಟ್ಟಿ.
ಸಂಜಿ ಆರೂ ನಲವತ್ತು.
ಎಲ್ಲಾರೂ ಚೀಲ ಎತ್ತಿ, ಚಪ್ಪಲಿ ಹುಡುಕಿ ಬಾಗಲಾ ದಾಟ್ತಾರ.
ಒಬ್ಬಾಕಿ ನಿಂದರತಾಳ.
ಕ್ಯಾಮೆರಾದ ಕೆಳಗ ಬಂದು ಮಾರಿ ಎತ್ತತಾಳ.
ಸೆರಗು ಬಿಡಿಸಿ ಝಾಡಸ್ತಾಳ, ಮೂರು ಸಲ.
ಊಟದ ಡಬ್ಬಿ ತೆರದು ಬೋರಲು ಹಾಕ್ತಾಳ.
ಎರಡೂ ಅಂಗೈ ತೋರಸ್ತಾಳ.
ಆಮ್ಯಾಲೆ ಹೋಗತಾಳ.

ಮಂಗಳವಾರ ನೋಡಿದೆ, ಹಂಗ. ಬುಧವಾರ, ಹಂಗ.
ಗುರುವಾರ ಪ್ಯಾಟಿ ಗದ್ದಲದಾಗ
ಯಾರೋ ಹಮಾಲ ಹಾದು ಹೋದ, ಆಕಿ ಮುಚ್ಚಿ ಹೋದಳು.
ಅವ ಸರಿದ ಮ್ಯಾಲೆ
ಮೊದಲಿಂದ ಝಾಡಿಸಿದಳು.

"ಇವರು ಯಾರ್ರೀ?"
ಕಡ್ಲಿಯವರು ಖಾತೆ ಪುಸ್ತಕದಿಂದ ತಲಿ ಎತ್ತಲಿಲ್ಲ.
"ಫಕ್ಕೀರವ್ವ. ಎರಡು ವರ್ಷದ ಹಿಂದ
ಒಂದು ಚೀಲ ಕಡಿಮಿ ಬಿತ್ತು. ಎಲ್ಲಾರ್ನೂ ಕೇಳಿದ್ವಿ.
ಆಕಿ ಅಂದ್ಲು, ಮ್ಯಾಲೆ ಕಣ್ಣೈತೆಲ್ಲ ಯಪ್ಪಾ, ಅದನ್ನ ಕೇಳ್ರಿ.
ಕೇಳೂದ್ರಾಗ ಎಂಟು ದಿನ ಆಗಿತ್ತು."
ಪುಟ ಹೊಳ್ಳಿಸಿದ್ರು.
"ಕೂಲಿ ಏನೂ ಹಿಡೀಲಿಲ್ಲಪಾ ನಾವು."

ಹೊಸಾ ಡಿಸ್ಕಿಗೆ ನೇರಳೆ ಚೀಟಿ.
ಅಗಲ ವೈರು ಕರೆಂಟಿಗೆ, ಸಣ್ಣದು ಮಾತಿಗೆ.
ಒಂದು ಸ್ಕ್ರೂ ಜಾರಿ ಕಾಯಿಬೀಜದಾಗ ಕಳೀತು,
ಮೂರರ ಮ್ಯಾಲ ನಿಲ್ಲಿಸಿದೆ.
ಫಾರ್ಮ್ಯಾಟ್ ಅಂದೆ. ಎಲ್ಲಾ ಅಳಿಸಿ ಹೋಗತೈತಿ,
ಅಡ್ಡಿಯಿಲ್ಲೇನು? ಅಂತ ಪರದೆ ಕೇಳ್ತು.
ಹೊಸಾದ್ರಾಗ ಅಳಸಾಕ ಏನಿತ್ತು?
ಆದ್ರೂ ಬಟ್ಟು ಚೂರು ತಡೀತು.

ಒಳಗಿನ ಸೆಲ್ಲು ಸತ್ತು ಗಡಿಯಾರ ಹಿಂದಕ್ಕ ಹೋಗಿತ್ತು:
ಎರಡು ಸಾವಿರದ ಇಸ್ವಿ, ಜನವರಿ ಒಂದು, ನಡುರಾತ್ರಿ.
ಪರದೆ ತುಂಬ ಎಂಟು ಚೌಕ ಹಗಲು,
ಯಾವ ಚೀಲಾನೂ ಇನ್ನಾ ಕಳದಿರಲಿಲ್ಲ.
ಸೆಲ್ಲು ಬದಲಿಸಿ
ಇವತ್ತಿನ ತಾರೀಖು ಕೂಡಿಸಿದೆ.

ಆರೂ ನಲವತ್ತಕ್ಕ ನಾನೂ ಕಟ್ಟಿ ಹಂತೇಕ ಇದ್ದೆ,
ಏಣಿ ಇಟ್ಟು ಲೆನ್ಸ್ ಒರಸೋ ನೆವ.
ಬಂದಳು. ಉಗುರಿನ ಬುಡದ ತನಕ ಕೆಂಪು.
"ಅವ್ವಾ, ಹೊಸಾದು ಹಾಕೀನಿ.
ಇನ್ನ ಎರಡು ತಿಂಗಳ ಮಟ ಎಲ್ಲಾ ಇರತೈತಿ."
ಸೆರಗು ನಿಲ್ಲಲಿಲ್ಲ.
"ಎರಡ ತಿಂಗಳಾ?
ನಂದು ಎರಡು ವರ್ಷದ್ದೈತಿ ತಮ್ಮಾ.
ಬಾಜೂಕ ಸರಿ, ಅಡ್ಡ ನಿಂತಿ."

ಸರಿದೆ.

ಹಳೇದು ಗುಜರಿಗೆ ಹಾಕು ಅಂದಿದ್ರು ಕಡ್ಲಿಯವರು.
ಮೋಟೆಬೆನ್ನೂರು ದಾಟಿ ಹೈವೇ ಹತ್ತಿದ್ರೂ
ಬೆನ್ನಿನ ಚೀಲದಾಗ ಅದು ಇನ್ನಾ ಬೆಚ್ಚಗಿತ್ತು:
ಐತವಾರ ಬಿಟ್ಟು ಆರು ಸಂಜಿ,
ಗುರುವಾರದ್ದು ಎರಡು ಸಲ.
ಹಾವೇರಿ ಬರೂತನಾ ಹೆಲ್ಮೆಟ್ಟಿನೊಳಗ
ಸೀನ್ಕೋತ ಹೋದೆ.
ಖಾರ ಕಡಿಮಿ ಅಂದಿದ್ರು.