ದುಂಡಗೆ ಬರಿ

ದುಂಡಗೆ ಬರಿ ಎಂದಿದ್ದರು ಗುತ್ತಲು ಶಾಲೆಯ ಮೇಷ್ಟ್ರು.
ಎಷ್ಟು ದುಂಡಗೆ ಅಂತ ಹೇಳಿರಲಿಲ್ಲ.

ಕೆ.ಎಂ. ದೊಡ್ಡಿಯ ಆಲೆಮನೆಯಲ್ಲಿ ನೋಡಿದೆ
ಮರಿಯಾಚಾರಿ ಕೊರೆದ ಅಚ್ಚಿನ ಮಣೆ:
ಸಾಲಾಗಿ ಕುಳಿ, ಕುಳಿ ತುಂಬ ಪಾಕ,
ಆರಿದ ಮೇಲೆ ಕವುಚಿ ಹಿಂದಿನಿಂದ ಒಂದೇಟು.
ಉದುರಿದವು ಕುರಿಕಾಲಚ್ಚು, ಅಂಚು ಮೊಂಡು, ಬೆನ್ನು ಉಬ್ಬು,
ಒಂದರ ಹಾಗೆ ಒಂದಿಲ್ಲ, ಆದರೂ ಒಂದೇ ಬಳಗ.
"ಒಳಗೆ ತುಸು ಓರೆ ಬಿಡಬೇಕು ಕಣವ್ವ,
ನೆಟ್ಟಗೆ ಕೊರೆದರೆ ಬೆಲ್ಲ ಅಚ್ಚು ಬಿಟ್ಟು ಬರಕಿಲ್ಲ."

ಬೆಲ್ಲಕ್ಕೂ ಅಚ್ಚು, ಅಕ್ಷರಕ್ಕೂ ಅಚ್ಚು,
ಗಾಡಿಗೂ ಅಚ್ಚೇ. ಕನ್ನಡ ನನಗಿಂತ ಮೊದಲೇ
ಅರ್ಧ ಕೆಲಸ ಮುಗಿಸಿಟ್ಟಿತ್ತು.

ಮೊದಲು ಬ. ಬ ಸುಲಭ, ಬೊಜ್ಜು ಅದರ ಹುಟ್ಟುಗುಣ.
ಠ ಒಂದು ಲಾಡು, ಒಳಗೊಂದು ದ್ರಾಕ್ಷಿ.
ಗ ಕಾಲಗಲಿಸಿ ನಿಂತು ಜಪ್ಪಯ್ಯ ಅನ್ನಲಿಲ್ಲ.
ಧ ಜಗಳಕ್ಕೆ ಬಂತು: ನನ್ನ ಹೊಟ್ಟೆಯಡಿಯ ಸೀಳೆಲ್ಲಿ?
ದನ ಯಾವುದು, ಧನ ಯಾವುದು?
ನಮ್ಮೂರಲ್ಲಿ ಎರಡೂ ಒಂದೇ ಬಿಡು ಎಂದು ನಕ್ಕರೂ
ಕೂದಲೆಳೆಯಷ್ಟು ಬಿಳಿ ಬಿಡಲು
ನಾಲ್ಕು ರಾತ್ರಿ ಹಿಡಿಯಿತು.

ಒತ್ತಕ್ಷರದ ಪಾಡು ಬೇರೆ.
ಮೇಲೆ ದಡೂತಿ ಆಳು, ಕಾಲಡಿಯಲ್ಲಿ ಕೂಸು.
ಮಂಡ್ಯದ ಯ ಒತ್ತು ಬಾಲ ಚಾಚಿ
ಪಕ್ಕದವರ ಜಾಗ ಹಿಡಿಯುತ್ತಿತ್ತು,
ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ.
ಅವ್ವ ಪರದೆಗೆ ಬಗ್ಗಿ ನೋಡಿದಳು:
"ಇದೇನೇ, ಎಲ್ಲಕ್ಕೂ ಒಂಬತ್ತು ತಿಂಗಳಾ?"

ಗುಂಡ ಅಂತ ಹೆಸರಿಟ್ಟು ಬೀದಿಗೆ ಬಿಟ್ಟೆ.
ಮೊದಲು ಕೂತದ್ದು ಕಬ್ಬಿನ ಹಾಲಿನ ಗಾಡಿ ಮೇಲೆ:
ಐಸ್ ಹಾಕಲ್ಲ.
ಆಮೇಲೆ ಮಕ್ಕಳ ಚಪ್ಪಲಿ, ನಾಟಿಕೋಳಿ ಹೋಟೆಲು,
ಪಂಚರ್ ಅಂಗಡಿ. ಆ ಪಂ ಪಕ್ಕದ ಸೊನ್ನೆ
ಥೇಟ್ ಗಾಳಿ ತುಂಬಿದ ಟ್ಯೂಬು.
ನಾನು ಸ್ಕೂಟರ್ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ,
ಯಾರಿಗೂ ಹೇಳದೆ.

ಒಂದು ಬೆಳಿಗ್ಗೆ ಹಾಲಿಗೆ ಹೋದವಳು
ಹೊಸಹಳ್ಳಿ ಸರ್ಕಲ್ಲಿನಲ್ಲಿ ನಿಂತುಬಿಟ್ಟೆ.
ಹನ್ನೆರಡಡಿ ಫ್ಲೆಕ್ಸು. ಮರಿಯಾಚಾರಿ.
ಆಧಾರ್ ಕಾರ್ಡಿನಿಂದ ಹಿಗ್ಗಿಸಿದ ಮುಖ,
ಕೆಳಗೆ ಗುಂಡದಲ್ಲೇ, ಕೆಂಪು ಬಣ್ಣ, ಹಳದಿ ಅಂಚು:
ಭಾವಪೂರ್ಣ ಶ್ರದ್ಧಾಂಜಲಿ.

ಅಂಗಡಿಗೆ ಓಡಿದೆ. ಸುಹೇಲ್ ಮೌಸಿನಿಂದ ಕೈ ತೆಗೆಯಲಿಲ್ಲ.
"ದಪ್ಪಗಿರೋದು ಹಾಕು ಅಂದ್ರು ಅವರ ಮಗ.
ಇದಕ್ಕಿಂತ ದಪ್ಪ ನನ್ನ ಹತ್ರ ಇಲ್ಲ, ಅಕ್ಕ."
ಇದು ನಗೋ ಅಕ್ಷರ ಕಣೋ, ಅನ್ನಬೇಕೆಂದು ಬಂದವಳು
"ಸೈಜ್ ಎಷ್ಟಿಟ್ಟೆ?" ಅಂತ ಕೇಳಿ ಹೊರಬಿದ್ದೆ.

ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಬೆವರುತ್ತಿತ್ತು.
ಮತ್ತೆ ಸರ್ಕಲ್ಲಿಗೆ ಬಂದು ಹತ್ತಿರದಿಂದ ನೋಡಿದೆ:
ದ್ಧಾ ಕೆಳಗಿನ ಪುಟ್ಟ ಒತ್ತಿನಲ್ಲಿ
ಆ ನಾಲ್ಕು ರಾತ್ರಿಯ ಬಿಳಿ ಮುಚ್ಚಿರಲಿಲ್ಲ.
ಅಷ್ಟರಲ್ಲಿ ಮದ್ದೂರಿನ ಬಸ್ಸೊಂದು ಭರ್ರನೆ ಹೋಯಿತು,
ಗಾಳಿಗೆ ಫ್ಲೆಕ್ಸ್ ಉಬ್ಬಿತು,
ಅಕ್ಷರ ಇನ್ನಷ್ಟು ದಪ್ಪಗಾದವು,
ಜೀವಮಾನವಿಡೀ ಸೊರಗಿದ್ದ ಆಚಾರಿಯ ಕೆನ್ನೆಗೂ
ಒಂದು ಗಳಿಗೆ ಮಾಂಸ ಬಂತು.